ಲ್ಯಾಪ್‌ಟಾಪ್‌ಗೆ 80 ರೂಪಾಯಿ, ಫ್ಯಾನ್‌ಗೆ 120: ಕೌದಳ್ಳಿಯಲ್ಲಿ ಕೂತು ಕಂಪನಿ ಕೆಲಸ ಮಾಡಿದರೆ ಕರೆಂಟ್ ಖರ್ಚು ಎಷ್ಟು, ಕೊಡೋರು ಯಾರು?

ಕೌದಳ್ಳಿ: ಮೀಟರ್ ರೀಡಿಂಗ್‌ನವರು ಬಿಲ್ ಕೊಟ್ಟು ಹೋದ ಮೇಲೆ ಕೆಲವು ಮನೆಗಳಲ್ಲಿ ಈಗ ಒಂದೇ ಮಾತು. "ಜೀರೋ ಬರ್ತಿದ್ದ ಬಿಲ್ಲು ಮುನ್ನೂರು ಬಂದದಲ್ಲ ಮಗ, ಹಗಲೆಲ್ಲ ಆ ಕಂಪ್ಯೂಟರ್ ಹಾಕ್ಕೊಂಡು ಕೂತಿರ್ತೀಯಲ್ಲ, ಅದ್ಕೇ ಕಣಪ್ಪ." ಮಗ ಹೇಳುವುದು, "ಲ್ಯಾಪ್‌ಟಾಪ್ ಅಷ್ಟೆಲ್ಲ ಎಳೆಯಲ್ಲಮ್ಮ." ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಬಿಲ್ ಏರಿದ್ದು ಅವನು ಮನೆಗೆ ಬಂದು ಕೂತಿದ್ದಕ್ಕೇ. ಆದರೆ ಏರಿಸಿದ್ದು ಲ್ಯಾಪ್‌ಟಾಪ್ ಒಂದೇ ಅಲ್ಲ.

2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಶುರುವಾದ ಮನೆಯಿಂದ ಕೆಲಸ ಬೆಂಗಳೂರಿನಲ್ಲಿ ಎಷ್ಟೋ ಕಡೆ ಮುಗಿದಿದೆ, ಆಫೀಸಿಗೆ ಬನ್ನಿ ಅಂತ ಕಂಪನಿಗಳು ಕರೆಸಿಕೊಂಡಿವೆ. ಪೂರ್ತಿ ನಿಂತಿಲ್ಲ. ಕಸ್ಟಮರ್ ಕೇರ್, ಡೇಟಾ ಎಂಟ್ರಿ, ಅಕೌಂಟ್ಸ್, ಆನ್‌ಲೈನ್ ಟ್ಯೂಷನ್, ಮದುವೆ ಆಲ್ಬಂ ಡಿಸೈನ್, ವಿಡಿಯೋ ಎಡಿಟಿಂಗ್ ಇವೆಲ್ಲ ಊರಲ್ಲೇ ಕೂತು ಮಾಡಬಹುದಾದ ಕೆಲಸ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ಉಳಿಯುತ್ತದೆ ಅನ್ನುವುದು ಎಲ್ಲರೂ ಮೊದಲು ಹಾಕುವ ಲೆಕ್ಕ. ಕರೆಂಟಿನ ಲೆಕ್ಕ ಹಾಕುವವರು ಕಡಿಮೆ.

ಒಂದು ಯೂನಿಟ್ ಅಂದರೆ ಎಷ್ಟು ದುಡ್ಡು

ಹನೂರು, ಕೊಳ್ಳೇಗಾಲ, ಯಳಂದೂರು ಮೂರೂ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್ ವ್ಯಾಪ್ತಿಗೆ ಬರುತ್ತವೆ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2025ರ ಏಪ್ರಿಲ್‌ನಿಂದ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ದರ ಬಂತು. ಹಿಂದೆ 5.90 ಇತ್ತು, 10 ಪೈಸೆ ಇಳಿಯಿತು. ಆದರೆ ಅದೇ ಹೊತ್ತಿಗೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಕೂಡಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿ ಆಯಿತು. ಒಂದು ಕೈಯಲ್ಲಿ ಇಳಿಸಿ ಇನ್ನೊಂದು ಕೈಯಲ್ಲಿ ಏರಿಸಿದ ಹಾಗೆ. ಇದರ ಮೇಲೆ ಶೇ 9 ತೆರಿಗೆ. ಎಲ್ಲ ಸೇರಿದರೆ ಒಂದು ಯೂನಿಟ್ ಸುಮಾರು 6 ರೂಪಾಯಿ 70 ಪೈಸೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಹೆಚ್ಚು ಕಡಿಮೆ ಆಗುವುದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಸಾವಿರ ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ದಿನಕ್ಕೆ 9 ಗಂಟೆ, ತಿಂಗಳಿಗೆ 26 ದಿನ ಕೆಲಸ ಅಂತ ಇಟ್ಟುಕೊಂಡರೆ ಲ್ಯಾಪ್‌ಟಾಪ್ ಸರಾಸರಿ 50 ವ್ಯಾಟ್‌ನಂತೆ ತಿಂಗಳಿಗೆ 12 ಯೂನಿಟ್ ಎಳೆಯುತ್ತದೆ. 80 ರೂಪಾಯಿ. ದಿನಕ್ಕೆ ಮೂರು ರೂಪಾಯಿ ಚಿಲ್ಲರೆ, ಅಂಗಡಿಯ ಒಂದು ಟೀ ದುಡ್ಡೂ ಆಗಲ್ಲ.

ತಲೆ ಮೇಲೆ ತಿರುಗುವ ಹಳೇ ಫ್ಯಾನ್ 75 ವ್ಯಾಟ್‌ನದು. ಅದೇ ಹೊತ್ತು ಓಡಿದರೆ 18 ಯೂನಿಟ್, 120 ರೂಪಾಯಿ. ಅಂದರೆ ಕೆಲಸ ಮಾಡುವ ಯಂತ್ರಕ್ಕಿಂತ ಕೆಲಸ ಮಾಡುವವನಿಗೆ ಗಾಳಿ ಹಾಕುವ ಯಂತ್ರಕ್ಕೇ ಖರ್ಚು ಜಾಸ್ತಿ. ಶೀಟಿನ ಮನೆಯಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದೆ ಕೂರುವ ಹಾಗೇ ಇಲ್ಲ. ಈಗ ಬರುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನದು, ಅದರಲ್ಲಿ 7 ಯೂನಿಟ್‌ಗೆ ಮುಗಿಯುತ್ತದೆ. ಲ್ಯಾಪ್‌ಟಾಪ್‌ನ ಬ್ರೈಟ್‌ನೆಸ್ ಇಳಿಸಿ ಉಳಿತಾಯ ಮಾಡುವುದಕ್ಕಿಂತ ಇದು ದೊಡ್ಡ ಉಳಿತಾಯ.

ಎರಡನೇ ಸ್ಕ್ರೀನ್ ಇಟ್ಟುಕೊಂಡಿದ್ದರೆ ಅದಕ್ಕೆ 6 ಯೂನಿಟ್. ವೈಫೈ ರೂಟರ್ ನೋಡಲು ಸಣ್ಣದು, 10 ವ್ಯಾಟ್ ಅಷ್ಟೇ. ಆದರೆ ಅದನ್ನು ಯಾರೂ ಆರಿಸುವುದಿಲ್ಲ. 24 ಗಂಟೆ, 30 ದಿನ, 7 ಯೂನಿಟ್. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಕರೆಂಟ್ ಹೋಗದಿದ್ದರೂ ಅದು ಬ್ಯಾಟರಿ ತುಂಬಿಸಿಕೊಳ್ಳುತ್ತಾ, ಸುಮ್ಮನೆ ಆನ್ ಇರುತ್ತಾ 10 ಯೂನಿಟ್ ಹತ್ತಿರ ತಿನ್ನುತ್ತದೆ. ಲೈಟಿಗೆ ಒಂದು ಯೂನಿಟ್ ಹಿಡಿದರೂ ಒಟ್ಟು 54 ಯೂನಿಟ್, 360 ರೂಪಾಯಿ. ಅದರಲ್ಲಿ ಲ್ಯಾಪ್‌ಟಾಪ್‌ನ ಪಾಲು ಕಾಲು ಭಾಗವೂ ಇಲ್ಲ.

ಡೆಸ್ಕ್‌ಟಾಪ್‌ನವರ ಕಥೆ ಬೇರೆ. ಸಿಪಿಯು, ಮಾನಿಟರ್ ಸೇರಿ 120 ವ್ಯಾಟ್ ಹಿಡಿದರೆ 28 ಯೂನಿಟ್, 188 ರೂಪಾಯಿ. ಆಲ್ಬಂ ಡಿಸೈನ್, ವಿಡಿಯೋ ಎಡಿಟಿಂಗ್‌ಗೆ ಗ್ರಾಫಿಕ್ ಕಾರ್ಡ್ ಹಾಕಿಸಿದ ಮೆಷಿನ್ ಭಾರದ ಕೆಲಸದಲ್ಲಿ 300 ವ್ಯಾಟ್ ಎಳೆದರೆ 70 ಯೂನಿಟ್, 470 ರೂಪಾಯಿ. ಮದುವೆ ಸೀಸನ್‌ನಲ್ಲಿ ರಾತ್ರಿ ಹಗಲು ಓಡಿಸುವವರು ಇದನ್ನು ಆಲ್ಬಂ ರೇಟಿನಲ್ಲಿ ಸೇರಿಸಿಕೊಳ್ಳದಿದ್ದರೆ ಕೈಯಿಂದಲೇ ಹೋಗುತ್ತದೆ. ಇನ್ನೊಂದು ಅಭ್ಯಾಸ, ಡೆಸ್ಕ್‌ಟಾಪ್ ಆರಿಸದೆ ಮಲಗುವುದು. ಕೆಲಸ ಇಲ್ಲದೆ ಸುಮ್ಮನೆ ಆನ್ ಇದ್ದರೂ 80 ವ್ಯಾಟ್ ಎಳೆಯುವ ಮೆಷಿನ್ ದಿನಕ್ಕೆ ಉಳಿದ 15 ಗಂಟೆಯೂ ಉರಿದರೆ ತಿಂಗಳಿಗೆ 36 ಯೂನಿಟ್. ಕೆಲಸಕ್ಕೆ ಬಳಸಿದ್ದಕ್ಕಿಂತ ಮಲಗಿದ್ದಾಗ ಸುಟ್ಟಿದ್ದೇ ಜಾಸ್ತಿ.

ಗೃಹಜ್ಯೋತಿ ಲೆಕ್ಕ ನಿಂತಿರುವುದು 2022-23ರಲ್ಲಿ

54 ಯೂನಿಟ್ ದೊಡ್ಡ ಸಂಖ್ಯೆ ಏನಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಫ್ರೀ ಅಲ್ಲವೇ, ಮತ್ತೆ ದುಡ್ಡು ಯಾಕೆ ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ಮನೆಮಂದಿಗೆ ಹೆಚ್ಚು ಗೊಂದಲ ಇರುವುದೂ ಇದರಲ್ಲೇ.

200 ಅನ್ನುವುದು ಮೇಲಿನ ಗಡಿ. ಪ್ರತಿ ಮನೆಗೂ 200 ಫ್ರೀ ಅಂತ ಅಲ್ಲ. 2023ರ ಜುಲೈ ಬಳಕೆಯಿಂದ, ಅಂದರೆ ಆಗಸ್ಟ್ ಬಿಲ್‌ನಿಂದ ಯೋಜನೆ ಜಾರಿಯಾದಾಗ ಆ ಆರ್‌ಆರ್ ನಂಬರ್‌ನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರು ಅಂತ ನೋಡಿ, ಅದಕ್ಕೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ ಅಂದರು. ಕಡಿಮೆ ಬಳಸುವವರಿಗೆ ಶೇ 10 ಅಂದರೆ ನಾಲ್ಕೈದು ಯೂನಿಟ್ ಅಷ್ಟೇ ಆಗುತ್ತದೆ ಅಂತ 2024ರ ಜನವರಿಯಲ್ಲಿ ತಿದ್ದಿ, ಸರಾಸರಿ 48ಕ್ಕಿಂತ ಕಡಿಮೆ ಇರುವವರಿಗೆ ಶೇಕಡಾ ಬದಲು 10 ಯೂನಿಟ್ ಕೊಟ್ಟರು. ಅರ್ಹ ಯೂನಿಟ್ ದಾಟಿದರೆ ದಾಟಿದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್.

ಈಗ ಒಂದು ಮನೆ ತೆಗೆದುಕೊಳ್ಳಿ. ಅಪ್ಪ, ಅಮ್ಮ ಇಬ್ಬರೇ. ಮಗ 2022-23ರಲ್ಲಿ ಬೆಂಗಳೂರಲ್ಲಿದ್ದ. ಒಂದು ಟಿವಿ, ಎರಡು ಲೈಟು, ಒಂದು ಫ್ಯಾನು, ಸರಾಸರಿ 40 ಯೂನಿಟ್. ಉಚಿತ 50 ಯೂನಿಟ್. ಮಗ ಇದ್ದಿಲ್ಲದ ದಿನಗಳಲ್ಲಿ ಬಿಲ್ ಸೊನ್ನೆ. ಈಗ ಮಗ ಬಂದು ಕೂತ, 40ರ ಮೇಲೆ 54 ಸೇರಿ 94 ಯೂನಿಟ್ ಆಯಿತು. 50 ಫ್ರೀ, ಉಳಿದ 44 ಯೂನಿಟ್‌ಗೆ 295 ರೂಪಾಯಿ. ಅಮ್ಮ ಹೇಳಿದ ಮುನ್ನೂರು ಇದೇ.

ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ. ಅಲ್ಲಿ ಮಗಳು 2022-23ರಲ್ಲೇ ಮನೆಯಿಂದ ಕೆಲಸ ಮಾಡುತ್ತಿದ್ದಳು. ಆ ವರ್ಷದ ಸರಾಸರಿಯೇ 94. ಶೇ 10 ಸೇರಿ 103 ಯೂನಿಟ್ ಉಚಿತ. ಇವತ್ತೂ 94 ಬಳಸುತ್ತಾರೆ. ಬಿಲ್ ಸೊನ್ನೆ.

ಎರಡು ಮನೆ, ಒಂದೇ ಕೆಲಸ, ಒಂದೇ ಯೂನಿಟ್. ಒಬ್ಬರಿಗೆ ವರ್ಷಕ್ಕೆ ಮೂರೂವರೆ ಸಾವಿರ ಬಿಲ್, ಇನ್ನೊಬ್ಬರಿಗೆ ಏನೂ ಇಲ್ಲ. ವ್ಯತ್ಯಾಸ ಇರುವುದು ಆ ಒಂದು ವರ್ಷ ಮಕ್ಕಳು ಎಲ್ಲಿದ್ದರು ಅನ್ನುವುದರಲ್ಲಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮಗ ಸುಟ್ಟ ಯೂನಿಟ್ ಆ ಮನೆಯ ಆರ್‌ಆರ್ ನಂಬರ್‌ಗೇ ಸೇರಿತು. ಅವನು ಊರಿಗೆ ಬರುವಾಗ ಆ ಯೂನಿಟ್ ಅವನ ಜೊತೆ ಬಸ್ ಹತ್ತಿ ಬರಲಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದಕ್ಕೆ ಶೇ 10, ಒಟ್ಟು 58 ಯೂನಿಟ್ ಅಂತ ನಿಗದಿ ಮಾಡಿದರು. ಅಂದರೆ ವರ್ಷಗಟ್ಟಲೆ ಹಿಡಿತದಲ್ಲಿ ಕರೆಂಟ್ ಬಳಸಿದ ವಯಸ್ಸಾದ ಅಪ್ಪ ಅಮ್ಮನ ಮನೆಗೆ 50, ಹೊಸದಾಗಿ ಮೀಟರ್ ಹಾಕಿಸಿದ ಮನೆಗೆ 58. ಹೆಚ್ಚು ಬಳಸುವವರಿಗೆ ಹೆಚ್ಚು ಫ್ರೀ, ಕಡಿಮೆ ಬಳಸಿದವರಿಗೆ ಕಡಿಮೆ ಫ್ರೀ ಅನ್ನುವುದು ಈ ಲೆಕ್ಕದ ಹುಟ್ಟುಗುಣ. ಸುಮ್ಮನೆ ಕರೆಂಟ್ ಪೋಲು ಮಾಡಬಾರದು ಅಂತ ಹಾಕಿದ ಕಡಿವಾಣ ಇದು, ಅದರ ಉದ್ದೇಶ ಅರ್ಥ ಆಗುತ್ತದೆ. ಆದರೆ ಮನೆಗೆ ಒಬ್ಬರು ವಾಪಸ್ ಬಂದು ದುಡಿಯಲು ಕೂತದ್ದನ್ನೂ ಅದು ಪೋಲು ಅಂತಲೇ ಲೆಕ್ಕ ಹಾಕುತ್ತದೆ. ಕೊಳ್ಳೇಗಾಲ, ಹನೂರು ಭಾಗದಿಂದ ಬೆಂಗಳೂರು, ಮೈಸೂರಿಗೆ ದುಡಿಯಲು ಹೋಗುವುದು ಹೊಸದೇನಲ್ಲ. ವಾಪಸ್ ಬಂದವರ ಮನೆಗೆಲ್ಲ ಈ ಪೆಟ್ಟು ಬೀಳುತ್ತದೆ.

ಕಂಪ್ಯೂಟರ್ ಇಟ್ಟರೆ ಕಮರ್ಷಿಯಲ್ ಆಗುತ್ತಾ?

ಮನೆಯಲ್ಲಿ ಕಂಪನಿ ಕೆಲಸ ಮಾಡಿದರೆ ಮೀಟರ್ ಕಮರ್ಷಿಯಲ್‌ಗೆ ಹಾಕುತ್ತಾರೆ, ಗೃಹಜ್ಯೋತಿ ಹೋಗುತ್ತದೆ ಅನ್ನುವ ಭಯ ಕೆಲವರಿಗೆ. ಅದಕ್ಕೇ ಯಾರಿಗೂ ಹೇಳದೆ ಕೂತಿರುವವರೂ ಇರಬಹುದು. ಹೆದರುವ ಕಾರಣ ಇಲ್ಲ. ಆಯೋಗದ ದರಪಟ್ಟಿಯಲ್ಲಿ ಗೃಹಬಳಕೆ ವರ್ಗದ ವಿವರಣೆ ಓದಿದರೆ ಸ್ವಾರಸ್ಯವಾಗಿದೆ. ವಾಸದ ಮನೆಯ ಒಂದು ಭಾಗದಲ್ಲಿ ಮನೆಯವರು ಇಂತಿಂಥ ಕೆಲಸ ಮಾಡಿಕೊಂಡರೂ ಅದು ಮನೆ ದರಕ್ಕೇ ಬರುತ್ತದೆ ಅಂತ ಪಟ್ಟಿ ಕೊಟ್ಟಿದ್ದಾರೆ. ಕೈಮಗ್ಗ, ರೇಷ್ಮೆ ಸಾಕಣೆ, ಚಾಕಿ ಸಾಕಣೆ, ಟೈಲರಿಂಗ್, ಚಿನ್ನದ ಕೆಲಸ, ಟೈಪಿಂಗ್, ವಕೀಲಿಕೆ, ವೈದ್ಯರ ಸಲಹೆ, ಜ್ಯೋತಿಷ್ಯ. ಅದೇ ಸಾಲಿನಲ್ಲಿ ಪರ್ಸನಲ್ ಕಂಪ್ಯೂಟರ್ ಕೂಡ ಇದೆ. ರೇಷ್ಮೆ ಹುಳಕ್ಕೂ ಲ್ಯಾಪ್‌ಟಾಪ್‌ಗೂ ಒಂದೇ ನ್ಯಾಯ.

ಅಂಗಡಿಯವರು ಗಮನಿಸಬೇಕಾದದ್ದು ಬೇರೆ. ಕೌದಳ್ಳಿಯಂತೆ ಬೆಟ್ಟದ ರಸ್ತೆ ಮೇಲಿನ ಊರುಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಇರುವುದು ಸಾಮಾನ್ಯ. ಜೆರಾಕ್ಸ್, ಇಂಟರ್‌ನೆಟ್ ಸೆಂಟರ್, ಬೋರ್ಡ್ ಹಾಕಿ ಗಿರಾಕಿ ಬರುವ ಕಂಪ್ಯೂಟರ್ ಕೆಲಸ ಇವೆಲ್ಲ ವಾಣಿಜ್ಯ ವರ್ಗ. ಯೂನಿಟ್ ದರವೂ ಜಾಸ್ತಿ, ನಿಗದಿತ ಶುಲ್ಕವೂ ಜಾಸ್ತಿ, ಗೃಹಜ್ಯೋತಿಯೂ ಇಲ್ಲ. ಆದರೆ ಅಂಗಡಿ ಬಾಗಿಲು ಹಾಕಿ ಬಂದು ರಾತ್ರಿ ಮನೆಯಲ್ಲಿ ಕೂತು ಜಿಎಸ್‌ಟಿ ಬಿಲ್ಲು, ಸ್ಟಾಕ್ ಲೆಕ್ಕ ಮಾಡುವ ಕಂಪ್ಯೂಟರ್ ಮನೆ ಮೀಟರ್‌ನಲ್ಲೇ ಇರಬಹುದು. ಹಿಂದಿನ ಮನೆಯಿಂದ ಮುಂದಿನ ಅಂಗಡಿಗೆ ವೈರ್ ಎಳೆದುಕೊಂಡಿದ್ದರೆ ಮಾತ್ರ ತಕರಾರು. ಎರಡಕ್ಕೂ ಬೇರೆ ಬೇರೆ ಮೀಟರ್ ಇದ್ದರೆ ಮನೆಯ ಫ್ರೀ ಯೂನಿಟ್ ಉಳಿಯುತ್ತದೆ.

ಇದ್ದ ಕರೆಂಟಿಗಿಂತ ಇಲ್ಲದ ಕರೆಂಟೇ ದುಬಾರಿ

ಇಷ್ಟು ಹೊತ್ತು ಹೇಳಿದ್ದು ಕರೆಂಟ್ ಇದ್ದಾಗಿನ ಖರ್ಚು. ಊರಲ್ಲಿ ಕೂತು ಕೆಲಸ ಮಾಡುವವರ ಜೇಬಿಗೆ ನಿಜವಾಗಿ ಕತ್ತರಿ ಹಾಕುವುದು ಕರೆಂಟ್ ಹೋದಾಗಿನ ಖರ್ಚು.

ಇನ್‌ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಸೇರಿ ಅಂದಾಜು 20ರಿಂದ 25 ಸಾವಿರ. ಬ್ಯಾಟರಿ ನಾಲ್ಕೈದು ವರ್ಷ ಬಂದರೆ ಪುಣ್ಯ, ಡಿಸ್ಟಿಲ್ಡ್ ವಾಟರ್ ಹಾಕುವುದು ಮರೆತರೆ ಇನ್ನೂ ಬೇಗ. 22 ಸಾವಿರವನ್ನು ಐದು ವರ್ಷಕ್ಕೆ ಹಂಚಿದರೂ ತಿಂಗಳಿಗೆ 365 ರೂಪಾಯಿ. ಮೇಲೆ ಹೇಳಿದ ಕರೆಂಟ್ ಬಿಲ್‌ಗಿಂತ ಇದೇ ಹೆಚ್ಚು. ಇದು ಯಾವ ಬಿಲ್‌ನಲ್ಲೂ ಕಾಣುವುದಿಲ್ಲ, ಗೃಹಜ್ಯೋತಿಯೂ ಇದನ್ನು ಮುಟ್ಟುವುದಿಲ್ಲ.

ಕರೆಂಟ್ ಹೋದ ಹೊತ್ತಲ್ಲಿ ಕಸ್ಟಮರ್ ಕೇರ್‌ನಲ್ಲಿ ಕಾಲ್ ಕಟ್ ಆದರೆ ಅದು ಲಾಗಿನ್ ಅವರ್‌ನಿಂದ ಹೋಗುತ್ತದೆ. ಡೇಟಾ ಎಂಟ್ರಿಯವರಿಗೆ ಫಾರಂ ಲೆಕ್ಕದಲ್ಲಿ ದುಡ್ಡು, ಸಿಸ್ಟಮ್ ಆಫ್ ಆದರೆ ಫಾರಂ ಇಲ್ಲ. ಮಳೆ, ಗಾಳಿಗೆ ಕಾಡಂಚಿನ ಲೈನ್ ಮೇಲೆ ಮರ ಬಿದ್ದರೆ, ಟಿಸಿ ಸುಟ್ಟರೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಮೇಲಿನವರಿಗೆ ಮೆಸೇಜ್ ಹಾಕಲೂ ಆಗಲ್ಲ. ಬಹಳ ಹೊತ್ತಾದರೆ ಮೊಬೈಲ್ ಟವರ್‌ನ ಬ್ಯಾಟರಿಯೂ ಕೈಕೊಡುತ್ತದೆ, ಆಗ ಹಾಟ್‌ಸ್ಪಾಟ್ ಕೂಡ ಇಲ್ಲ. ಬೆಂಗಳೂರಿನ ಮ್ಯಾನೇಜರ್‌ಗೆ "ಪವರ್ ಕಟ್ ಸರ್" ಅನ್ನುವುದು ತಿಂಗಳಿಗೆ ಒಂದು ಸಲ ಕಾರಣ, ನಾಲ್ಕು ಸಲ ಆದರೆ ನೆಪ.

ಕರೆಂಟಿನ ವಿಷಯದಲ್ಲಿ ಈ ಭಾಗದ್ದು ಹಳೇ ಕಥೆ. ಪಕ್ಕದ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದದ್ದು 1902ರಲ್ಲಿ. ಅದು ನೇರ ಹೋಗಿದ್ದು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬೆಳಕಾಯಿತು. ಆಗ ಕೊಳ್ಳೇಗಾಲ ಮೈಸೂರು ಸಂಸ್ಥಾನದಲ್ಲೇ ಇರಲಿಲ್ಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಹನೂರು ಪ್ರತ್ಯೇಕ ತಾಲೂಕು. ಆದರೂ ಇದೇ ತಾಲೂಕಿನ ಬೆಟ್ಟದ ಇಂಡಿಗನತ್ತದಲ್ಲಿ ಮೂಲಸೌಕರ್ಯ ಇಲ್ಲ ಅನ್ನುವ ಸಿಟ್ಟು 2024ರ ಏಪ್ರಿಲ್ 26ರ ಲೋಕಸಭಾ ಮತದಾನದ ದಿನ ಮತಗಟ್ಟೆಗೇ ನುಗ್ಗಿ, ಏಪ್ರಿಲ್ 29ಕ್ಕೆ ಮರುಮತದಾನ ನಡೆಯಬೇಕಾಯಿತು. ಬೆಟ್ಟದ ಊರುಗಳ ಪಾಡಿನ ಮುಂದೆ ಕೌದಳ್ಳಿಯದು ಎಷ್ಟೋ ವಾಸಿ ಅಂತ ಯಾರಾದರೂ ಹೇಳಬಹುದು. ಹೇಳಲಿ. ಕರೆಂಟ್ ಹೋದಾಗ ಸಂಬಳ ಕಟ್ ಆಗುವವನಿಗೆ ಅದು ಸಮಾಧಾನ ಆಗುವುದಿಲ್ಲ.

22 ಸಾವಿರ ಸುರಿಯುವ ಮುಂಚೆ ಒಂದು ವಿಷಯ ಯೋಚಿಸಬೇಕು. ಲ್ಯಾಪ್‌ಟಾಪ್‌ನ ಬ್ಯಾಟರಿ ಚೆನ್ನಾಗಿದ್ದರೆ ಅದೇ ಮೂರು ಗಂಟೆ ಎಳೆಯುತ್ತದೆ. ನಿಂತು ಹೋಗುವುದು ರೂಟರ್. ರೂಟರ್‌ಗೆ ಅಂತಲೇ ಅಂಗೈಯಗಲದ ಮಿನಿ ಯುಪಿಎಸ್ ಸಾವಿರದಿಂದ ಒಂದೂವರೆ ಸಾವಿರಕ್ಕೆ ಸಿಗುತ್ತದೆ, ಮೂರು ನಾಲ್ಕು ಗಂಟೆ ನಿಭಾಯಿಸುತ್ತದೆ. ಒಂದೆರಡು ಗಂಟೆಯ ಕಟ್ ಮಾತ್ರ ಇರುವ ಬೀದಿಯಲ್ಲಿ ಇಷ್ಟು ಸಾಕು. ಡೆಸ್ಕ್‌ಟಾಪ್‌ನವರಿಗೆ ಈ ಅನುಕೂಲ ಇಲ್ಲ. ಅವರ ಸಣ್ಣ ಯುಪಿಎಸ್ ಹತ್ತು ಹದಿನೈದು ನಿಮಿಷದ್ದು, ಫೈಲ್ ಸೇವ್ ಮಾಡಿ ಆರಿಸಲು ಅಷ್ಟೇ.

ಇನ್‌ವರ್ಟರ್ ಇದ್ದರೂ ಅದರ ಮೇಲೆ ಏನು ಹಾಕುತ್ತೀರಿ ಅನ್ನುವುದು ಮುಖ್ಯ. ಲ್ಯಾಪ್‌ಟಾಪ್, ಸ್ಕ್ರೀನ್, ಹಳೇ ಫ್ಯಾನ್, ರೂಟರ್, ಲೈಟ್ ಎಲ್ಲ ಸೇರಿ 170 ವ್ಯಾಟ್ ಆದರೆ ಹೊಸ ಬ್ಯಾಟರಿ ಆರು ಗಂಟೆ ಚಿಲ್ಲರೆ ಬರುತ್ತದೆ. ಬರೀ ಲ್ಯಾಪ್‌ಟಾಪ್, ರೂಟರ್ ಅಂದರೆ ಅದರ ಎರಡೂವರೆ, ಮೂರು ಪಟ್ಟು. ಮನೆಯವರೆಲ್ಲ ಟಿವಿ, ಮೂರು ಫ್ಯಾನ್ ಅದಕ್ಕೇ ಹಾಕಿಕೊಂಡರೆ ಎರಡು ಗಂಟೆಗೆ ಕೂಗಲು ಶುರು. ಅಂಗಡಿಯವರಿಗೆ ಒಂದು ಮಾತು: ಲೇಸರ್ ಪ್ರಿಂಟರ್ ಅನ್ನು ಸಣ್ಣ ಇನ್‌ವರ್ಟರ್ ಮೇಲೆ ಹಾಕಬೇಡಿ. ಪ್ರಿಂಟ್ ಹೊಡೆಯುವಾಗ ಒಳಗಿನ ಹೀಟರ್ ಒಮ್ಮೆಲೇ ನೂರಾರು ವ್ಯಾಟ್ ಎಳೆದು ಇನ್‌ವರ್ಟರ್ ಟ್ರಿಪ್ ಆಗುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್‌ಗೆ ಆ ಸಮಸ್ಯೆ ಇಲ್ಲ.

ಕಂಪನಿ ಯಾಕೆ ಕೊಡುವುದಿಲ್ಲ

ಇದೇ ಕೆಲಸ ಆಫೀಸಿನಲ್ಲಿ ಕೂತು ಮಾಡಿದ್ದರೆ ಕರೆಂಟು, ಎಸಿ, ಜನರೇಟರ್ ಡೀಸೆಲ್ ಎಲ್ಲ ಕಂಪನಿಯದ್ದು. ಮನೆಯಲ್ಲಿ ಕೂತರೆ ಆ ಖರ್ಚು ಸದ್ದಿಲ್ಲದೆ ಕೌದಳ್ಳಿಯ ಅಪ್ಪನ ಹೆಸರಿನ ಮೀಟರ್‌ಗೆ ಬರುತ್ತದೆ. ಗೃಹಜ್ಯೋತಿ ಫ್ರೀ ಯೂನಿಟ್‌ನೊಳಗೆ ಬಿದ್ದರೆ ಸರ್ಕಾರದ ದುಡ್ಡಲ್ಲಿ ಕಂಪನಿ ಕೆಲಸ ನಡೆದ ಹಾಗೆ. ಅದನ್ನು ದಾಟಿದರೆ ಮನೆಯವರ ದುಡ್ಡಲ್ಲಿ. ಎರಡರಲ್ಲೂ ಕಂಪನಿಗೆ ಉಳಿತಾಯವೇ.

ಹೊರಗಿನ ದೇಶಗಳಲ್ಲಿ ಇದನ್ನು ಲೆಕ್ಕಕ್ಕೆ ತಂದಿದ್ದಾರೆ. ಸ್ಪೇನ್ 2020ರಲ್ಲೇ ಮನೆಯಿಂದ ಕೆಲಸದ ಖರ್ಚನ್ನು ಮಾಲೀಕರೇ ಭರಿಸಬೇಕು ಅಂತ ಕಾನೂನು ಮಾಡಿತು. ಜರ್ಮನಿಯಲ್ಲಿ ಮನೆಯಿಂದ ಕೆಲಸ ಮಾಡಿದ ದಿನಕ್ಕೆ 6 ಯೂರೋದಂತೆ, ವರ್ಷಕ್ಕೆ 210 ದಿನದವರೆಗೆ ಆದಾಯದಿಂದ ಕಳೆದು ತೆರಿಗೆ ಕಟ್ಟಬಹುದು. ಇಲ್ಲಿ ಸಂಬಳದಾರರಿಗೆ ಸಿಗುವುದು ಎಲ್ಲರಿಗೂ ಇರುವ ಸ್ಟ್ಯಾಂಡರ್ಡ್ ಡಿಡಕ್ಷನ್. ಮನೆಯ ಕರೆಂಟ್ ಬಿಲ್ ಅಂತ ಪ್ರತ್ಯೇಕ ತೋರಿಸಲು ಜಾಗ ಇಲ್ಲ. ಹದಿನೈದು, ಹದಿನೆಂಟು ಸಾವಿರ ಸಂಬಳದವರಿಗೆ ತೆರಿಗೆಯೇ ಬರುವುದಿಲ್ಲ, ಹಾಗಾಗಿ ಆ ದಾರಿ ಇದ್ದರೂ ಅವರಿಗೆ ಉಪಯೋಗ ಇಲ್ಲ. ಅವರಿಗೆ ಬೇಕಿರುವುದು ಕೈಗೆ ಬರುವ ದುಡ್ಡು. ಕರೆಂಟಿಗೆ 360, ಬ್ಯಾಟರಿಗೆ 365, ಸೇರಿದರೆ ತಿಂಗಳಿಗೆ 725. ಹದಿನೈದು ಸಾವಿರದ ಸಂಬಳದಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ದಿನದ ದುಡಿಮೆ.

ಕೆಲವು ಕಂಪನಿಗಳು ಇಂಟರ್‌ನೆಟ್‌ಗೆ ಅಂತ ಸ್ವಲ್ಪ ಕೊಡುತ್ತವೆ, ಕರೆಂಟಿಗೆ ಅಂತ ಕೇಳಿದವರು ಕಡಿಮೆ. ಕೇಳುವುದಾದರೆ ಬಾಯಿಮಾತಲ್ಲಿ ಆಗುವುದಿಲ್ಲ. ಮನೆಗೆ ಬಂದು ಕೂರುವ ಮುಂಚಿನ ಆರು ತಿಂಗಳ ಬಿಲ್ಲು, ಕೂತ ಮೇಲಿನ ಆರು ತಿಂಗಳ ಬಿಲ್ಲು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಸೊನ್ನೆ ಬಿಲ್ ಬಂದಿದ್ದರೂ ಎಸೆಯಬಾರದು, ಅದರಲ್ಲೂ ಬಳಸಿದ ಯೂನಿಟ್ ಎಷ್ಟು ಅಂತ ಇರುತ್ತದೆ. ಕರೆಂಟ್ ಹೋದಾಗಲೂ ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗುವುದು ಊರ ಅಭ್ಯಾಸ. ಅವರು ಬಂದು ಸರಿ ಮಾಡಿಯೂ ಹೋಗುತ್ತಾರೆ, ಆದರೆ ದಾಖಲೆ ಉಳಿಯುವುದಿಲ್ಲ. 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಂಡರೆ ಕಟ್ ಆದ ದಿನ, ಹೊತ್ತು ಎರಡಕ್ಕೂ ಸಾಕ್ಷಿ ಇರುತ್ತದೆ. ಕೇಂದ್ರ ಸರ್ಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಸೇವೆಯಲ್ಲಿ ಲೋಪ ಆದರೆ ಪರಿಹಾರ ಕೇಳುವ ಅವಕಾಶ ಇದೆ, ಅದಕ್ಕೂ ಮೊದಲು ಬೇಕಾಗುವುದು ಆ ನಂಬರೇ. "ನಿನ್ನೆ ಯಾಕೆ ಲಾಗಿನ್ ಆಗಿಲ್ಲ" ಅಂತ ಬೆಂಗಳೂರಿಂದ ಫೋನ್ ಬಂದಾಗ ಕಳಿಸಲೂ ಅದು ಆಗುತ್ತದೆ.